ನಿಮ್ಮ ಟರ್ನ್ ಅಲ್ಲದಾಗ ಏನ್ ಮಾಡ್ತಿರ್ತೀರಿ? ಮನೇಲಿ ಹೊಸದಾಗಿ ಆಡಿದ ಆರು ಸ್ಟ್ರಾಟಜಿ ಬೋರ್ಡ್ ಗೇಮ್‌ಗಳ ರಿವ್ಯೂ

ನಾಲ್ಕು ಜನ ಕೂತು ಆಡೋ ಗೇಮಲ್ಲಿ ಒಬ್ಬೊಬ್ರೂ ಮುಕ್ಕಾಲು ಪಾಲು ಹೊತ್ತು ಬೇರೆಯವ್ರು ಆಡೋದನ್ನ ನೋಡ್ತಾ ಕೂತಿರ್ತಾರೆ. ಲೆಕ್ಕ ಅಷ್ಟು ಸಿಂಪಲ್ಲು, ಆದ್ರೂ ಹೊಸ ಬೋರ್ಡ್ ಗೇಮ್ ತಗೊಳೋವಾಗ ನಾವು ನೋಡೋದು ಡಬ್ಬಿ ಮೇಲಿನ ಚಿತ್ರ, ಒಳಗಿರೋ ಪೀಸ್‌ಗಳು, ಏನೇನು ಪ್ರಶಸ್ತಿ ಬಂದಿದೆ, ನಮ್ಮ ಟರ್ನ್ ಬಂದಾಗ ಏನೇನು ಮಾಡ್ಬಹುದು, ಇಷ್ಟೇ. ಮಿಕ್ಕ ಆ ಮುಕ್ಕಾಲು ಪಾಲು ಹೊತ್ತಲ್ಲಿ ತಲೆಗೆ ಏನು ಕೆಲ್ಸ ಅಂತ ಕೇಳೋರು ಕಮ್ಮಿ. ಈಚೆಗೆ ಮನೇಲಿ ಒಂದಾದ ಮೇಲೊಂದು ಆರು ಸ್ಟ್ರಾಟಜಿ ಗೇಮ್ ಆಡಿದ್ವಿ, ಆಡ್ತಾ ಆಡ್ತಾ ನನಗೆ ಇದೊಂದೇ ಪ್ರಶ್ನೆ ಮುಖ್ಯ ಆಗೋಯ್ತು, ಅದನ್ನೇ ಹಿಡ್ಕೊಂಡು ಬರೀತಿದ್ದೀನಿ.

ಇವ್ಯಾವೂ ಈ ವರ್ಷ ಬಂದ ಗೇಮ್‌ಗಳಲ್ಲ, ನಮಗೆ ಮಾತ್ರ ಹೊಸವು. ನಮ್ಮನೇಲಿ ಇಷ್ಟು ದಿನ ಇದ್ದಿದ್ದು ಚೆಸ್, ಲೂಡೋ, ಹಾವು ಏಣಿ, ಒಂದು ಮೊನೊಪಲಿ. ಚೆಸ್ಸಲ್ಲಿ ಇಬ್ರಿಗೆ ಮಾತ್ರ ಜಾಗ. ಲೂಡೋದಲ್ಲಿ ದಾಳ ಹೇಳಿದಂಗೆ ಕೇಳ್ಬೇಕು, ನಾವು ಯೋಚ್ನೆ ಮಾಡೋಕೆ ಜಾಸ್ತಿ ಏನಿಲ್ಲ. ಮೊನೊಪಲಿಲಿ ದಿವಾಳಿ ಆದೋರು ಆಟದಿಂದ ಹೊರಗೆ, ಆಮೇಲೆ ಉಳಿದೋರು ಮುಗ್ಸೋವರೆಗೂ ಅವ್ರು ಸುಮ್ನೆ ಪಕ್ಕದಲ್ಲಿ ಕೂತಿರ್ಬೇಕು. ಈಗ ಆಡಿದ ಆರರಲ್ಲಿ ಯಾರನ್ನೂ ಮಧ್ಯದಲ್ಲಿ ಎಬ್ಬಿಸಿ ಕಳ್ಸಲ್ಲ, ಕೊನೇವರೆಗೂ ಎಲ್ರೂ ಆಟದಲ್ಲಿರ್ತಾರೆ, ಇದೊಂದು ವಿಷಯಕ್ಕೇ ನಾನು ಈ ಕಡೆಗೆ ವಾಲಿದ್ದು. ಆಡಿದೋರು ನಾನು, ನಮ್ಮನೆಯವ್ರು, ಹೈಸ್ಕೂಲಲ್ಲಿರೋ ಮಗಳು, ನನ್ನ ತಮ್ಮ, ಕೆಲವಕ್ಕೆ ಅಮ್ಮ.

ಇನ್ನೊಂದು ಮಾತು ಮುಂದೆ ಪದೇ ಪದೇ ಬರತ್ತೆ ಅದಕ್ಕೆ ಈಗ್ಲೇ ಹೇಳ್ತೀನಿ. ಜರ್ಮನಿಲಿ 1979ರಿಂದ ಪ್ರತಿ ವರ್ಷ ವರ್ಷದ ಆಟ ಅಂತ ಒಂದಕ್ಕೆ ಶ್ಪೀಲ್ ಡೆಸ್ ಯಾರೆಸ್ ಪ್ರಶಸ್ತಿ ಕೊಡ್ತಾರೆ, ಮನೆಮಂದಿ ಕೂತು ಆಡೋಂಥ ಗೇಮಿಗೆ. ಸ್ವಲ್ಪ ಅನುಭವ ಇರೋರಿಗೆ ಅಂತ 2011ರಿಂದ ಕೆನ್ನರ್‌ಶ್ಪೀಲ್ ಅಂತ ಬೇರೆ ಪ್ರಶಸ್ತಿನೂ ಇದೆ. ಹೊಸಬರಿಗೆ ಈ ಎರಡು ಹೆಸ್ರು ಗೊತ್ತಿದ್ರೆ ಸಾಕು, ಯಾವ್ದು ಸಲೀಸು ಯಾವ್ದು ಸ್ವಲ್ಪ ಗಟ್ಟಿ ಅಂತ ಡಬ್ಬಿ ನೋಡಿನೇ ಅಂದಾಜು ಮಾಡ್ಬಹುದು.

ಕಟಾನ್‌ನಿಂದ ಶುರು ಮಾಡ್ತೀನಿ. ಕ್ಲೌಸ್ ಟಾಯ್ಬರ್ ಮಾಡಿದ್ದು, 1995ರಲ್ಲಿ ಬಂತು, ಅದೇ ವರ್ಷ ವರ್ಷದ ಆಟ ಪ್ರಶಸ್ತಿನೂ ಬಂತು. ಆರು ಮೂಲೆಯ 19 ಟೈಲ್ ಜೋಡ್ಸಿ ಒಂದು ದ್ವೀಪ ಮಾಡ್ಕೊಳ್ಳೋದು, ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು ಅಂತ ಐದು ಥರದ ಸಾಮಾನು, ಅವನ್ನ ಸೇರ್ಸಿ ರಸ್ತೆ, ಊರು, ಸಿಟಿ ಕಟ್ಟೋದು, ಮೊದ್ಲು 10 ಪಾಯಿಂಟ್ ಮಾಡಿದೋರು ಗೆದ್ದಂಗೆ. ಈ ಆಟದಲ್ಲಿ ನನಗೆ ಬಹಳ ಹಿಡಿಸಿದ್ದು ಏನಂದ್ರೆ ದಾಳ ಯಾರೇ ಹಾಕ್ಲಿ, ಬಿದ್ದ ನಂಬರಿನ ಟೈಲ್ ಪಕ್ಕದಲ್ಲಿ ನಿಮ್ಮ ಊರಿದ್ರೆ ನಿಮಗೂ ಸಾಮಾನು ಬರತ್ತೆ. ಅಂದ್ರೆ ತಮ್ಮ ದಾಳ ಕೈಯಲ್ಲಿ ಕುಲುಕ್ತಿದ್ರೆ ನಾವು ಮೂರು ಜನಾನೂ ಬಾಯಲ್ಲಿ ಎಂಟು ಎಂಟು ಅಂತಿರ್ತೀವಿ, ಅದು ಅವನ ಟರ್ನು ಅನ್ನೋದೇ ಮರ್ತು ಹೋಗಿರತ್ತೆ. ಜೊತೆಗೆ ವ್ಯಾಪಾರ ಬೇರೆ. ಯಾರ ಟರ್ನೋ ಅವ್ರ ಜೊತೆ ಮಾತ್ರ ಮಿಕ್ಕೋರು ಅದಲು ಬದಲು ಮಾಡ್ಕೋಬಹುದು, ಹಂಗಾಗಿ ಒಂದು ಇಟ್ಟಿಗೆ ಬೇಕು ಯಾರ ಹತ್ರ ಇದೆ ಅಂತ ಒಬ್ರು ಕೇಳಿದ ತಕ್ಷಣ ಎಲ್ರೂ ತಮ್ಮ ಕೈಯಲ್ಲಿರೋ ಕಾರ್ಡು ನೋಡ್ಕೊಳ್ತಾರೆ, ಕೊಟ್ರೆ ಅವ್ರಿಗೆ ಎಷ್ಟು ಲಾಭ ನನಗೆ ಎಷ್ಟು ಲಾಭ ಅಂತ ಲೆಕ್ಕ ಶುರು. ಯಾರೂ ಕೊಡ್ಲಿಲ್ಲ ಅಂದ್ರೆ ಬ್ಯಾಂಕಿಗೆ ಒಂದೇ ಥರದ ನಾಲ್ಕು ಕೊಟ್ಟು ಬೇಕಾದ್ದು ಒಂದು ತಗೋಬಹುದು, ಅದು ನಷ್ಟದ ವ್ಯವಹಾರ ಆದ್ರಿಂದ ಎಲ್ರೂ ಮೊದ್ಲು ಮಾತಾಡೇ ನೋಡ್ತಾರೆ.

ಸ್ಟ್ರಾಟಜಿ ಎಲ್ಲಿದೆ ಅಂದ್ರೆ ಬಹುಪಾಲು ಶುರುವಲ್ಲೇ ಇದೆ. ಎರಡು ದಾಳ ಸೇರ್ಸಿ ಬೀಳೋ ಸಾಧ್ಯತೆ ಒಟ್ಟು 36, ಅದ್ರಲ್ಲಿ 6 ಬೀಳೋಕೆ ಐದು ದಾರಿ, 8ಕ್ಕೂ ಐದು ದಾರಿ, 2ಕ್ಕೂ 12ಕ್ಕೂ ಒಂದೊಂದೇ. ಇದನ್ನ ನಂಬರ್ ಟೋಕನ್ ಮೇಲೇ ಚುಕ್ಕಿ ಹಾಕಿ ತೋರ್ಸಿದ್ದಾರೆ, ಚುಕ್ಕಿ ಜಾಸ್ತಿ ಇದ್ರೆ ಬೀಳೋ ಚಾನ್ಸ್ ಜಾಸ್ತಿ. ಮಗಳಿಗೆ ಸ್ಕೂಲಲ್ಲಿ ಸಂಭಾವ್ಯತೆ ಪಾಠ ಆಗಿದೆ, ಅವಳು ಮೊದಲ ಎರಡು ಊರು ಇಡೋವಾಗ ಮೂಲೆ ಮೂಲೆಯ ಚುಕ್ಕಿ ಎಣಿಸಿ ಕೂಡ್ಸಿ ಇಟ್ಲು, ಆಟ ಪೂರ್ತಿ ಅವಳಿಗೆ ಸಾಮಾನಿಗೆ ಬರ ಬರ್ಲೇ ಇಲ್ಲ. ಇದೇ ಜಾಗದಲ್ಲಿ ನನಗೊಂದು ತಕರಾರೂ ಇದೆ. ಮೊದಲ ಎರಡು ಊರು ಸರಿಯಾದ ಜಾಗದಲ್ಲಿ ಇಲ್ಲದಿದ್ರೆ ಆಮೇಲೆ ಎದ್ದೇಳೋದು ತುಂಬಾ ಕಷ್ಟ, ಹೊಸದಾಗಿ ಕಲಿಯೋರಿಗೆ ಆ ಜಾಗದ ಬೆಲೆ ಆ ಹೊತ್ತಲ್ಲಿ ಗೊತ್ತೇ ಇರಲ್ಲ. ಅದ್ರ ಮೇಲೆ 7 ಬಿದ್ರೆ ಕಳ್ಳನ ಗೊಂಬೆ ಬಂದು ಒಂದು ಟೈಲ್ ಮೇಲೆ ಕೂತ್ಕೊಳತ್ತೆ, ಆ ಟೈಲಿಂದ ಯಾರಿಗೂ ಏನೂ ಬರಲ್ಲ, ಏಳಕ್ಕಿಂತ ಜಾಸ್ತಿ ಕಾರ್ಡ್ ಇಟ್ಕೊಂಡಿದ್ರೆ ಅರ್ಧ ವಾಪಸ್ ಬೇರೆ. ಹಿಂದೆ ಬಿದ್ದೋರು ಕಾಯೋ ಹೊತ್ತು ಮಾತ್ರ ನಿಜವಾಗ್ಲೂ ಉದ್ದ ಅನ್ಸತ್ತೆ. ರೂಲ್‌ಬುಕ್ಕಲ್ಲಿ ಹೊಸಬರಿಗೆ ಅಂತಾನೇ ಟೈಲು, ಊರು ಎಲ್ಲಾ ಎಲ್ಲೆಲ್ಲಿ ಇಡ್ಬೇಕು ಅಂತ ಒಂದು ರೆಡಿ ಸೆಟಪ್ ಕೊಟ್ಟಿದ್ದಾರೆ, ಮೊದ್ಲು ಅದ್ರಲ್ಲೇ ಆಡಿ. ಮತ್ತೆ ಇದಕ್ಕೆ ಕಮ್ಮಿ ಅಂದ್ರೂ ಮೂರು ಜನ ಬೇಕು, ಇಬ್ರೇ ಇರೋ ಮನೆಗೆ ಇದು ಆಗಲ್ಲ.

ಟಿಕೆಟ್ ಟು ರೈಡ್ ಬಗ್ಗೆ ಹೇಳೋದು ಕಮ್ಮಿ, ಆದ್ರೆ ಮನೇಲಿ ಮತ್ತೆ ಆಡೋಣ ಅಂತ ಜಾಸ್ತಿ ಸಲ ಕೇಳಿದ್ದು ಇದನ್ನೇ, ಅದೂ ಅಮ್ಮ. ಅಲನ್ ಆರ್. ಮೂನ್ ಮಾಡಿದ್ದು, 2004ರ ವರ್ಷದ ಆಟ ಇದೇ. ಮ್ಯಾಪಲ್ಲಿ ಊರಿಂದ ಊರಿಗೆ ರೈಲು ಹಾದಿ, ಒಬ್ಬೊಬ್ರಿಗೆ 45 ಪ್ಲಾಸ್ಟಿಕ್ ಬೋಗಿ, ಕೈಯಲ್ಲಿ ಇಂಥ ಊರಿಂದ ಇಂಥ ಊರಿಗೆ ಅಂತ ಗುಟ್ಟಾದ ಟಿಕೆಟ್‌ಗಳು. ಟರ್ನಲ್ಲಿ ಮಾಡೋದು ಮೂರರಲ್ಲಿ ಒಂದು, ಕಾರ್ಡ್ ತಗೊಳ್ಳಿ, ಇಲ್ಲಾ ಕೂಡಿಟ್ಟ ಕಾರ್ಡ್ ಕೊಟ್ಟು ಒಂದು ಹಾದಿ ಹಿಡೀರಿ, ಇಲ್ಲಾ ಹೊಸ ಟಿಕೆಟ್ ತಗೊಳ್ಳಿ. ಅಷ್ಟೇ. ಹತ್ತು ನಿಮಿಷದಲ್ಲಿ ಹೇಳ್ಕೊಡ್ಬಹುದು. ಕಾಯೋ ಹೊತ್ತಲ್ಲಿ ಇರೋದು ಬರೀ ಎದೆ ಢವಢವ, ನಾನು ಕಾರ್ಡ್ ಕೂಡಿಡ್ತಿರೋ ಆ ಒಂದು ಹಾದಿಯನ್ನ ಯಾರಾದ್ರೂ ಹಿಡ್ಕೊಂಡ್ಬಿಟ್ರೆ ಅಂತ. ಬೇಗ ಹಿಡ್ಕೊಂಡ್ರೆ ನನ್ನ ಪ್ಲಾನ್ ಎಲ್ರಿಗೂ ಗೊತ್ತಾಗತ್ತೆ, ತಡ ಮಾಡಿದ್ರೆ ಹಾದಿನೇ ಇರಲ್ಲ. ಮುಗಿಸದೇ ಬಿಟ್ಟ ಟಿಕೆಟ್ಟಿನ ಪಾಯಿಂಟ್ ಕಳೀತಾರೆ ಅನ್ನೋದು ಈ ಆಟದ ನಿಜವಾದ ಬಿಗಿ. ಉದ್ದದ ಹಾದಿಗೆ ಪಾಯಿಂಟ್ ಏರೋ ರೀತಿನೂ ಚೆನ್ನಾಗಿದೆ, ಮೂರು ಬೋಗಿಗೆ 4, ನಾಲ್ಕಕ್ಕೆ 7, ಐದಕ್ಕೆ 10, ಆರಕ್ಕೆ 15, ಹಂಗಾಗಿ ಟಿಕೆಟ್ ಕಡೆ ಅಷ್ಟಾಗಿ ಹೋಗ್ದೆ ಬರೀ ಉದ್ದದ ಹಾದಿ ಹಿಡಿಯೋದೂ ಒಂದು ಸ್ಟ್ರಾಟಜಿನೇ. ಯಾರದ್ದಾದ್ರೂ ಬೋಗಿ ಎರಡು ಅಥ್ವಾ ಅದಕ್ಕಿಂತ ಕಮ್ಮಿ ಆಯ್ತು ಅಂದ್ರೆ ಎಲ್ರಿಗೂ ಇನ್ನೊಂದೇ ಟರ್ನು, ಅದಕ್ಕೆ ಕೊನೆ ಹತ್ರ ಬಂದಂಗೆ ಎಲ್ರೂ ಬೇರೆಯವ್ರ ಬೋಗಿ ಎಣಿಸೋಕೆ ಶುರು ಮಾಡ್ತಾರೆ.

ಈಗ ಅಜೂಲ್. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಆರರಲ್ಲಿ ನನ್ನ ಪ್ರಕಾರ ಅತೀ ಚೆನ್ನಾಗಿ ಕಟ್ಟಿರೋ ಗೇಮ್ ಇದೇ. ಮೈಕಲ್ ಕೀಸ್ಲಿಂಗ್ ಮಾಡಿದ್ದು, 2017ರಲ್ಲಿ ಬಂತು, 2018ರ ವರ್ಷದ ಆಟ ಪ್ರಶಸ್ತಿ ಇದಕ್ಕೆ. ಪೋರ್ಚುಗಲ್‌ನ ಗೋಡೆಗಳ ಮೇಲೆ ಅಂಟಿಸೋ ಬಣ್ಣದ ಟೈಲ್‌ಗಳೇ ಇದ್ರ ವಿಷಯ. ಐದು ಥರದ ಟೈಲ್, ಒಂದೊಂದು 20ರಂತೆ ಒಟ್ಟು 100, ಬಟ್ಟೆ ಚೀಲದಲ್ಲಿ ಹಾಕಿ ಕೈ ಹಾಕಿ ತೆಗೀತಾ ಮೇಜಿನ ಮೇಲಿರೋ ದುಂಡು ತಟ್ಟೆಗಳ ಮೇಲೆ ನಾಲ್ಕು ನಾಲ್ಕು ಇಡ್ಬೇಕು. ಇಬ್ರಾದ್ರೆ 5 ತಟ್ಟೆ, ಮೂರು ಜನಕ್ಕೆ 7, ನಾಲ್ಕು ಜನಕ್ಕೆ 9. ಟೈಲ್‌ಗಳು ದಪ್ಪಗೆ ನುಣುಪಾಗಿವೆ, ಕೈಯಲ್ಲಿ ಹಿಡಿದ್ರೆ ಬಿಡೋಕೆ ಮನಸ್ಸಾಗಲ್ಲ.

ನಿಯಮ ನೋಡೋಕೆ ಚಿಕ್ಕದು. ಒಂದು ತಟ್ಟೆಯಿಂದ ಒಂದು ಬಣ್ಣದ ಅಷ್ಟೂ ಟೈಲ್ ತಗೋಬೇಕು, ಮಿಕ್ಕ ಬಣ್ಣದವನ್ನ ಮಧ್ಯಕ್ಕೆ ತಳ್ಳಬೇಕು. ಇಲ್ಲಾಂದ್ರೆ ಮಧ್ಯದಿಂದಲೇ ಒಂದು ಬಣ್ಣದ ಅಷ್ಟನ್ನೂ ಎತ್ಕೋಬೇಕು. ತಗೊಂಡಿದ್ದನ್ನ ನಿಮ್ಮ ಬೋರ್ಡಿನ ಒಂದು ಸಾಲಲ್ಲಿ ಇಡ್ಬೇಕು, ಸಾಲುಗಳು ಒಂದರಿಂದ ಐದು ಮನೆವರೆಗೆ ಇವೆ, ಒಂದು ಸಾಲಲ್ಲಿ ಒಂದೇ ಬಣ್ಣ. ಸಾಲು ತುಂಬಿದ್ರೆ ರೌಂಡ್ ಕೊನೇಲಿ ಅದ್ರಿಂದ ಒಂದು ಟೈಲ್ ಗೋಡೆಗೆ ಹೋಗತ್ತೆ, ಅಕ್ಕಪಕ್ಕ ಮೇಲೆ ಕೆಳಗೆ ಈಗಾಗ್ಲೇ ಇರೋ ಟೈಲ್‌ಗಳ ಜೊತೆ ಸೇರಿದಷ್ಟೂ ಪಾಯಿಂಟ್ ಜಾಸ್ತಿ. ಸಾಲಲ್ಲಿ ಹಿಡಿಯದೇ ಉಳಿದವು ನೆಲಕ್ಕೆ ಬೀಳ್ತವೆ, ಅದಕ್ಕೆ ಪಾಯಿಂಟ್ ಕಟ್, ಮೊದ್ಲೆರಡಕ್ಕೆ ಒಂದೊಂದು, ಆಮೇಲೆ ಮೂರಕ್ಕೆ ಎರಡೆರಡು, ಅದಾದ್ಮೇಲೆ ಮೂರು ಮೂರು. ಯಾರಾದ್ರೂ ಗೋಡೇಲಿ ಅಡ್ಡಸಾಲು ಒಂದನ್ನ ಪೂರ್ತಿ ಮಾಡಿದ ರೌಂಡಿಗೆ ಆಟ ಮುಗೀತು. ಕೊನೇಲಿ ಪೂರ್ತಿಯಾದ ಅಡ್ಡಸಾಲಿಗೆ 2, ಉದ್ದಸಾಲಿಗೆ 7, ಒಂದೇ ಬಣ್ಣದ ಐದೂ ಗೋಡೆ ಸೇರಿದ್ರೆ 10.

ಇಷ್ಟು ಓದಿದ್ರೆ ಇದು ಯಾರ ಪಾಡಿಗೆ ಅವ್ರು ಗೋಡೆ ಕಟ್ಕೊಳ್ಳೋ ಶಾಂತವಾದ ಆಟ ಅನ್ಸತ್ತೆ, ನಮಗೂ ಮೊದಲ ರೌಂಡಲ್ಲಿ ಹಂಗೇ ಅನ್ಸಿತ್ತು. ಎರಡನೇ ರೌಂಡಲ್ಲಿ ನಮ್ಮನೆಯವ್ರು ಕಪ್ಪು ಬಣ್ಣ ಮುಟ್ಟೋದೇ ಇಲ್ಲ, ಬೇರೆ ಬೇರೆ ತಟ್ಟೆಯಿಂದ ಬೇರೆ ಬಣ್ಣ ತಗೊಂಡು ಕಪ್ಪನ್ನೆಲ್ಲ ಮಧ್ಯಕ್ಕೆ ತಳ್ತಾನೇ ಇದ್ರು, ಮಧ್ಯದಲ್ಲಿ ಕಪ್ಪು ಗುಡ್ಡೆ ಆಯ್ತು. ಕೊನೆಗೆ ಟೇಬಲ್ ಮೇಲೆ ಕಪ್ಪು ಬಿಟ್ಟು ಬೇರೆ ಏನೂ ಉಳೀಲಿಲ್ಲ, ಸರದಿ ನನ್ನ ತಮ್ಮಂದು. ಅವನು ಅಷ್ಟನ್ನೂ ಎತ್ಕೋಲೇಬೇಕು, ಇಡೋಕೆ ಜಾಗ ಇಲ್ಲ, ಎಲ್ಲಾ ನೆಲಕ್ಕೆ. ಆ ಕ್ಷಣದಲ್ಲಿ ಎಲ್ರಿಗೂ ಒಟ್ಟಿಗೆ ಆಟ ಅರ್ಥ ಆಯ್ತು. ಅಲ್ಲಿಂದ ಯಾರೂ ತಮ್ಮ ಬೋರ್ಡೊಂದನ್ನೇ ನೋಡ್ಲಿಲ್ಲ, ಪಕ್ಕದೋರ ಸಾಲಲ್ಲಿ ಎಷ್ಟು ಖಾಲಿ ಇದೆ, ಮಧ್ಯದಲ್ಲಿ ಯಾವ ಬಣ್ಣ ಎಷ್ಟಿದೆ, ಇನ್ನು ಎಷ್ಟು ಸುತ್ತಿಗೆ ಅದು ಯಾರ ತಲೆ ಮೇಲೆ ಬೀಳತ್ತೆ ಅಂತ ಎಣಿಸ್ತಾ ಕೂತ್ರು. ಎಲ್ಲಾ ಮಾಹಿತಿ ಕಣ್ಣೆದುರೇ ಇದೆ, ಗುಟ್ಟಿನ ಕಾರ್ಡ್ ಒಂದೂ ಇಲ್ಲ, ಟೈಲ್ ಚೀಲದಿಂದ ಬಂದ್ಮೇಲೆ ಆ ರೌಂಡಲ್ಲಿ ಲಕ್ಕಿಗೆ ಕೆಲಸವೇ ಇಲ್ಲ. ಕಾಯೋ ಹೊತ್ತು ಅಂತಾನೇ ಇಲ್ಲ ಇದ್ರಲ್ಲಿ, ಪ್ರತಿಯೊಬ್ರು ಎತ್ಕೊಂಡಾಗ್ಲೂ ನಿಮ್ಮ ಪ್ಲಾನ್ ಬದ್ಲಾಗತ್ತೆ. ಟರ್ನೂ ಚಿಕ್ಕ ಚಿಕ್ಕದು.

ಇಬ್ರು ಆಡಿದ್ರೆ ಇನ್ನೂ ಹರಿತ, ಚೆಸ್ ಥರ ಎರಡು ಮೂರು ಹೆಜ್ಜೆ ಮುಂದಕ್ಕೆ ಲೆಕ್ಕ ಹಾಕ್ಬಹುದು. ನಾಲ್ಕು ಜನರಾದ್ರೆ ಅಷ್ಟು ದೂರ ನೋಡೋಕಾಗಲ್ಲ, ನಿಮ್ಮ ಸರದಿ ಬರೋಷ್ಟರಲ್ಲಿ ಟೇಬಲ್ಲೇ ಬೇರೆ ಆಗಿರತ್ತೆ. ನನಗೆ ಇಬ್ರ ಆಟನೇ ಇಷ್ಟ. ಕುಂದು ಅಂದ್ರೆ ಪಾಯಿಂಟ್ ಗುರುತು ಮಾಡೋ ಪುಟ್ಟ ಕ್ಯೂಬ್ ಬೋರ್ಡಿಗೆ ಕೈ ತಾಗಿದ್ರೆ ಜರುಗತ್ತೆ, ನಾವು ಪಕ್ಕದಲ್ಲಿ ಪೇಪರ್ ಮೇಲೆ ಬರ್ಕೊಂಡ್ವಿ. ಮನೇಲಿ ಯಾರಾದ್ರೂ ಸೋಲನ್ನ ಮನಸ್ಸಿಗೆ ಹಚ್ಕೊಳೋರಿದ್ರೆ ಬೇಕಂತ ನೆಲಕ್ಕೆ ಬೀಳ್ಸೋ ಆಟ ಅವ್ರಿಗೆ ನೋವಾಗ್ಬಹುದು, ಅದನ್ನ ಮೊದ್ಲೇ ಮಾತಾಡ್ಕೊಂಡು ಕೂತ್ರೆ ಒಳ್ಳೇದು.

ಸ್ಪ್ಲೆಂಡರ್ ಚೆನ್ನಾಗಿದೆ, ಬೇಗ ಮುಗಿಯತ್ತೆ, ಅರ್ಧ ಗಂಟೆ ಸಾಕು. ಮಾರ್ಕ್ ಆಂಡ್ರೆ ಮಾಡಿದ್ದು, 2014ರದ್ದು. ರತ್ನದ ಟೋಕನ್ ತಗೊಳೋದು, ಅದ್ರಿಂದ ಕಾರ್ಡ್ ಕೊಳ್ಳೋದು, ಕೊಂಡ ಕಾರ್ಡ್ ಮುಂದಿನ ಕಾರ್ಡಿಗೆ ಪರ್ಮನೆಂಟ್ ರಿಯಾಯ್ತಿ, ಹಂಗೇ ಏರ್ತಾ 15 ಪಾಯಿಂಟ್ ಮುಟ್ಟೋದು. ಟೋಕನ್‌ಗಳು ಭಾರವಾಗಿವೆ, ಮೇಜಿನ ಮೇಲೆ ಇಟ್ಟಾಗ ಬರೋ ಟಕ್ ಅನ್ನೋ ಸದ್ದೇ ಖುಷಿ. ಟರ್ನ್ ಎಷ್ಟು ಬೇಗ ಮುಗೀತದೆ ಅಂದ್ರೆ ಕಾಯೋ ಪ್ರಶ್ನೆನೇ ಬರಲ್ಲ, ಆದ್ರೆ ಬೇರೆಯವ್ರ ಆಟ ನೋಡ್ಬೇಕಾದ ಅಗತ್ಯನೂ ಅಷ್ಟಿಲ್ಲ, ನಾನು ಕಣ್ಣಿಟ್ಟ ಕಾರ್ಡ್ ಹೋಯ್ತಾ ಇದ್ಯಾ ಅಂತ ನೋಡಿದ್ರೆ ಆಯ್ತು. ಒಬ್ಬೊಬ್ರು ತಮ್ಮ ತಮ್ಮ ಲೆಕ್ಕದಲ್ಲಿ ಮುಳುಗಿ ಟೇಬಲ್ ಸುತ್ತ ಮಾತೇ ನಿಂತೋಗತ್ತೆ. ಕಲಿಯೋಕೆ ಸುಲಭ, ದೊಡ್ಡ ಆಟಕ್ಕೆ ಮುಂಚೆ ಒಂದು ಕೈ ನೋಡೋಕೆ ಸರಿ.

ಪ್ಯಾಂಡೆಮಿಕ್ ಇವೆಲ್ಲಕ್ಕಿಂತ ಬೇರೆ ಜಾತಿ, ಇದ್ರಲ್ಲಿ ಎಲ್ರೂ ಒಂದೇ ಕಡೆ. ಮ್ಯಾಟ್ ಲೀಕಾಕ್ ಮಾಡಿದ್ದು, 2008ರಲ್ಲಿ ಬಂತು. ಪ್ರಪಂಚದ ಮ್ಯಾಪಲ್ಲಿ 48 ಊರು, ನಾಲ್ಕು ಬಣ್ಣದ ನಾಲ್ಕು ರೋಗ, ನಾಲ್ಕಕ್ಕೂ ಔಷಧಿ ಕಂಡುಹಿಡಿದ್ರೆ ಎಲ್ರೂ ಗೆದ್ರು. ಸೋಲೋಕೆ ಮಾತ್ರ ಮೂರು ದಾರಿ, ರೋಗ ಉಕ್ಕಿ ಪಕ್ಕದೂರಿಗೆ ಹರಡೋದು ಎಂಟನೇ ಸಲ ಆದ್ರೆ ಸೋಲು, ರೋಗ ಗುರುತು ಮಾಡೋ ಕ್ಯೂಬ್ ಯಾವ್ದಾದ್ರೂ ಬಣ್ಣದ್ದು ಬೇಕಾದಾಗ ಖಾಲಿ ಆಗಿದ್ರೆ ಸೋಲು, ನಮ್ಮ ಕಾರ್ಡ್ ಕಟ್ಟು ಮುಗಿದೋದ್ರೂ ಸೋಲು. ಒಬ್ಬೊಬ್ರಿಗೆ ಒಂದು ಪಾತ್ರ, ಮೆಡಿಕ್ ಆದೋರು ಒಂದೇ ಸಲಕ್ಕೆ ಒಂದೂರಿನ ಒಂದು ಬಣ್ಣದ ಕ್ಯೂಬೆಲ್ಲ ತೆಗೀಬಹುದು, ಸೈಂಟಿಸ್ಟ್‌ಗೆ ಔಷಧಿಗೆ ಐದರ ಬದ್ಲು ನಾಲ್ಕು ಕಾರ್ಡ್ ಸಾಕು, ಹಿಂಗೆ. ಟರ್ನಿಗೆ ನಾಲ್ಕು ಕೆಲ್ಸ.

ಇದ್ರ ಜೀವ ಇರೋದು ಎಪಿಡೆಮಿಕ್ ಕಾರ್ಡಲ್ಲಿ. ರೋಗ ಬಂದ ಊರುಗಳ ಕಾರ್ಡ್ ಒಂದು ಪಕ್ಕಕ್ಕೆ ಬೀಳ್ತಾ ಹೋಗಿರತ್ತೆ, ಎಪಿಡೆಮಿಕ್ ಬಂದ ತಕ್ಷಣ ಆ ಬಿದ್ದ ಕಾರ್ಡನ್ನೆಲ್ಲ ಕಲಸಿ ರೋಗದ ಕಾರ್ಡ್ ಕಟ್ಟಿನ ಮೇಲಕ್ಕೇ ವಾಪಸ್ ಇಡ್ಬೇಕು. ಅಂದ್ರೆ ಈಗಾಗ್ಲೇ ಕಾಯಿಲೆ ಬಿದ್ದಿರೋ ಊರುಗಳೇ ಮತ್ತೆ ಮತ್ತೆ ಬರ್ತವೆ. ಇಷ್ಟು ಚಿಕ್ಕ ನಿಯಮದಿಂದ ಎಂಥ ಭಯ ಹುಟ್ಟಿಸ್ತಾರೆ ಅಂದ್ರೆ, ಚೆನ್ನೈಯಲ್ಲಿ ಮೂರು ಕ್ಯೂಬ್ ಇದೆ, ಇನ್ನೊಂದು ಬಿದ್ರೆ ಉಕ್ಕತ್ತೆ, ಚೆನ್ನೈ ಕಾರ್ಡ್ ಮೇಲಿನ ನಾಲ್ಕೈದರಲ್ಲೇ ಎಲ್ಲೋ ಇದೆ ಅಂತ ಎಲ್ರಿಗೂ ಗೊತ್ತು, ಯಾರು ಹೋಗ್ತಾರೆ, ಯಾರು ಹತ್ರ ಇದ್ದಾರೆ, ಅಲ್ಲಿಗೆ ಹೋದ್ರೆ ಔಷಧಿ ಕೆಲ್ಸ ನಿಂತೋಗತ್ತಲ್ಲ, ಹಿಂಗೆ ನಾಲ್ಕೂ ಜನ ಮೇಜಿನ ಮೇಲೆ ಬಗ್ಗಿ ಬೆರಳಿಟ್ಟು ದಾರಿ ತೋರಿಸ್ತಿರ್ತಾರೆ. ಯಾರ ಟರ್ನು ಅನ್ನೋದು ಹೆಸರಿಗಷ್ಟೇ. ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಆದ್ರೆ ಇಲ್ಲೇ ಒಂದು ತೊಂದ್ರೆನೂ ಇದೆ, ಆಡೋ ಮುಂಚೆ ಗೊತ್ತಿರ್ಲಿ. ಗಟ್ಟಿ ದನಿ ಇರೋರು ಒಬ್ರು ಎಲ್ರ ಟರ್ನನ್ನೂ ತಾವೇ ಆಡೋಕೆ ಶುರು ಮಾಡ್ಬಹುದು. ನೀನು ಅಲ್ಲಿಗೆ ಹೋಗು, ನೀವು ಇದನ್ನ ಕೊಡಿ ಅಂತ ಹೇಳ್ತಾ ಹೋದ್ರೆ ಮಿಕ್ಕೋರು ಬರೀ ಗೊಂಬೆ ಸರಿಸೋರು ಆಗ್ತಾರೆ. ನಮ್ಮನೇಲಿ ಅರ್ಧ ಆಟಕ್ಕೇ ಮಗಳು ಮೌನ ಆದ್ಲು, ಅವಳನ್ನ ನೋಡಿ ನಮ್ಮನೆಯವ್ರೇ ಒಂದು ಕಟ್ಟಳೆ ತಂದ್ರು, ಸಲಹೆ ಯಾರು ಬೇಕಾದ್ರೂ ಕೊಡ್ಬಹುದು ಆದ್ರೆ ಟರ್ನ್ ಇರೋರು ಕೇಳಿದ್ಮೇಲೆ ಮಾತ್ರ, ಕೊನೆ ತೀರ್ಮಾನ ಅವ್ರದ್ದೇ. ಆಟ ಪೂರ್ತಿ ಬೇರೆ ಆಯ್ತು. ಆಮೇಲೆ ಮಗಳೇ ಡಿಸ್ಪ್ಯಾಚರ್ ಪಾತ್ರದಲ್ಲಿ ಬೇರೆಯವ್ರ ಗೊಂಬೆಗಳನ್ನ ಸರಿಸಿ ಸರಿಸಿ ಎರಡು ಔಷಧಿ ಒಂದೇ ಸುತ್ತಲ್ಲಿ ಸಿಗೋ ಹಂಗೆ ಮಾಡಿದ್ಲು, ಸೋತ್ವಿ ನಿಜ, ಆದ್ರೆ ಆ ಸುತ್ತಿನ ಮಾತು ಮನೇಲಿ ಇನ್ನೂ ನಡೀತಿದೆ. ಎಪಿಡೆಮಿಕ್ ಕಾರ್ಡ್ ನಾಲ್ಕು, ಐದು, ಆರು ಅಂತ ಹಾಕಿ ಕಷ್ಟ ಏರಿಸ್ಕೋಬಹುದು, ಶುರುಗೆ ನಾಲ್ಕೇ ಸಾಕು, ಅದ್ರಲ್ಲೂ ಗೆಲುವು ಸುಲಭಕ್ಕೆ ಸಿಗಲ್ಲ. ಮಕ್ಕಳು ಚಿಕ್ಕವ್ರಿದ್ದು ಸೋತ್ರೆ ಅಳ್ತಾರೆ ಅನ್ನೋ ಮನೆಗೆ ಎಲ್ರೂ ಒಟ್ಟಿಗೆ ಸೋಲೋ ಆಟ ಒಳ್ಳೇದೇ.

ಕೊನೇದು ವಿಂಗ್‌ಸ್ಪ್ಯಾನ್, ಹಕ್ಕಿಗಳ ಆಟ. ಎಲಿಜಬೆತ್ ಹಾರ್ಗ್ರೇವ್ ಮಾಡಿದ್ದು, 2019ರಲ್ಲಿ ಬಂತು, ಅದೇ ವರ್ಷ ಕೆನ್ನರ್‌ಶ್ಪೀಲ್ ಪ್ರಶಸ್ತಿ. ಡಬ್ಬಿ ತೆಗೆದಾಗ ಇದ್ರಷ್ಟು ಬೆರಗು ಬೇರೆ ಯಾವ್ದೂ ಕೊಡ್ಲಿಲ್ಲ, 170 ಹಕ್ಕಿ ಕಾರ್ಡು, ಪ್ರತಿಯೊಂದೂ ಬೇರೆ ಹಕ್ಕಿ, ಕೈಯಲ್ಲಿ ಬಿಡಿಸಿದ ಚಿತ್ರ, ರೆಕ್ಕೆಯ ಅಗಲ ಎಷ್ಟು ಸೆಂಟಿಮೀಟರ್, ಎಂಥ ಗೂಡು, ಏನು ತಿನ್ನತ್ತೆ ಎಲ್ಲಾ ಅದ್ರಲ್ಲೇ. ಬಣ್ಣ ಬಣ್ಣದ ಪುಟ್ಟ ಮೊಟ್ಟೆಗಳು, ದಾಳ ಹಾಕೋಕೆ ಹಕ್ಕಿಗೆ ಕಾಳಿಡೋ ಗೂಡಿನ ಆಕಾರದ ಒಂದು ಗೋಪುರ. ಅಮ್ಮ ಆಟಕ್ಕೆ ಕೂರ್ಲಿಲ್ಲ, ಕಾರ್ಡ್‌ಗಳನ್ನ ಒಂದೊಂದಾಗಿ ನೋಡ್ತಾ ಕೂತ್ರು. ಮೂಲ ಡಬ್ಬಿಲಿ ಇರೋದು ಉತ್ತರ ಅಮೆರಿಕದ ಹಕ್ಕಿಗಳು, 2022ರಲ್ಲಿ ಏಷ್ಯಾದ ಹಕ್ಕಿಗಳ ಡಬ್ಬಿ ಬೇರೆಯಾಗಿ ಬಂದಿದೆ, ಅದು ಮೂಲ ಡಬ್ಬಿ ಇಲ್ದೆನೂ ಒಬ್ರು ಇಬ್ರು ಆಡೋ ಹಂಗಿದೆ.

ಆಟ ಏನಂದ್ರೆ ಕಾಡು, ಹುಲ್ಲುಗಾವಲು, ನೀರಿನ ಜಾಗ ಅಂತ ಮೂರು ಸಾಲು, ಅದ್ರಲ್ಲಿ ಹಕ್ಕಿ ಇಡ್ತಾ ಹೋಗೋದು. ಟರ್ನಲ್ಲಿ ಹಕ್ಕಿ ಇಡಿ, ಇಲ್ಲಾ ಆಹಾರ ತಗೊಳ್ಳಿ, ಇಲ್ಲಾ ಮೊಟ್ಟೆ ಇಡಿ, ಇಲ್ಲಾ ಕಾರ್ಡ್ ಎಳೀರಿ. ಒಂದು ಸಾಲಲ್ಲಿ ಹಕ್ಕಿ ಜಾಸ್ತಿ ಆದಷ್ಟೂ ಆ ಸಾಲಿನ ಕೆಲ್ಸ ಮಾಡ್ದಾಗ ಬರೋದೂ ಜಾಸ್ತಿ, ಮತ್ತೆ ಆ ಸಾಲಿನ ಹಕ್ಕಿಗಳು ಬಲದಿಂದ ಎಡಕ್ಕೆ ಒಂದೊಂದಾಗಿ ತಮ್ಮ ತಮ್ಮ ಗುಣ ತೋರಿಸ್ತವೆ, ಒಂದು ಮೊಟ್ಟೆ ಕೊಡತ್ತೆ, ಒಂದು ಕಾಳು ಕೂಡಿಡತ್ತೆ. ಮೆಷಿನ್ ಕಟ್ಟಿದಂಗೆ. ನಾಲ್ಕು ರೌಂಡು, ಮೊದಲ ರೌಂಡಲ್ಲಿ 8 ಟರ್ನು, ಆಮೇಲೆ 7, 6, 5, ಒಟ್ಟು 26 ಅಷ್ಟೇ. ಟರ್ನ್ ಕಮ್ಮಿ ಆಗ್ತಾ ಹೋದಂಗೆ ಒಂದೊಂದ್ರಲ್ಲಿ ಸಿಗೋದು ಹೆಚ್ಚಾಗ್ತಾ ಹೋಗತ್ತೆ, ಕೊನೆ ರೌಂಡಲ್ಲಿ ಇನ್ನೊಂದು ಟರ್ನ್ ಇದ್ದಿದ್ರೆ ಅಂತ ಎಲ್ರಿಗೂ ಅನ್ಸತ್ತೆ.

ಈಗ ನನ್ನ ಪ್ರಶ್ನೆಗೆ ಬಂದ್ರೆ ಇದು ಸ್ವಲ್ಪ ಸೋಲತ್ತೆ. ನಾಲ್ಕು ಜನ ಆಡಿದ್ವಿ, ಪ್ರತಿಯೊಬ್ರೂ ಸಾಲಿನ ಹಕ್ಕಿಗಳ ಗುಣ ಒಂದೊಂದೇ ಓದಿ ಮಾಡಿ ಮುಗಿಸೋ ಹೊತ್ತಿಗೆ ಉಳಿದೋರಿಗೆ ಮಾಡೋಕೆ ಏನೂ ಇರಲ್ಲ, ಬೇರೆಯವ್ರು ಏನೇ ಮಾಡಿದ್ರೂ ನಿಮ್ಮ ಬೋರ್ಡನ್ನ ಅದು ಮುಟ್ಟೋದು ಕಮ್ಮಿ. ಗುಲಾಬಿ ಬಣ್ಣದ ಗುಣ ಇರೋ ಕೆಲವು ಹಕ್ಕಿಗಳಿವೆ, ಅವು ಬೇರೆಯವ್ರ ಟರ್ನಲ್ಲಿ ಕೆಲ್ಸ ಮಾಡ್ತವೆ, ಯಾರಾದ್ರೂ ಮೊಟ್ಟೆ ಇಟ್ರೆ ನಿಮಗೂ ಒಂದು ಮೊಟ್ಟೆ, ಆ ಥರ. ಅಂಥ ಹಕ್ಕಿ ಇದ್ದೋರು ಮಾತ್ರ ಕಣ್ಣು ಕೀಳದೇ ಕೂತಿರ್ತಿದ್ರು. ಅಂಥವು ಇನ್ನಷ್ಟು ಇರ್ಬೇಕಿತ್ತು ಅಂತ ನನ್ನ ಗಟ್ಟಿ ಅಭಿಪ್ರಾಯ. ಆಮೇಲೆ ನಾನು ಮಗಳು ಇಬ್ರೇ ಆಡಿದ್ವಿ, ಬೇಗ ಬೇಗ ಸರದಿ ಬರತ್ತೆ, ಅವಳು ಆಡೋ ಅಷ್ಟು ಹೊತ್ತು ನನ್ನ ಮುಂದಿನ ಹಕ್ಕಿಗೆ ಆಹಾರ ಎಲ್ಲಿಂದ ತರ್ಲಿ ಅಂತ ಯೋಚಿಸೋಕೆ ಸರಿಯಾಗಿ ಹೊಂದತ್ತೆ, ಆಗ ಇದು ಎಂಥ ಸೊಗಸಾದ ಆಟ ಅಂತ ಗೊತ್ತಾಯ್ತು. ಐದು ಜನ ಆಡ್ಬಹುದು ಅಂತ ಡಬ್ಬಿ ಮೇಲಿದೆ, ನಾನಂತೂ ಎರಡು ಮೂರಕ್ಕೆ ನಿಲ್ಲಿಸಿ ಅಂತೀನಿ.

ಕಲಿಯೋ ಬಗ್ಗೆ ಎರಡು ಮಾತು. ರೂಲ್‌ಬುಕ್ ಎಲ್ರೂ ಸೇರಿ ಟೇಬಲ್ ಹತ್ರ ಕೂತು ಓದೋದು ಬೇಡ, ಒಬ್ರು ಮುಂಚೆನೇ ಓದಿ, ಒಬ್ರೇ ಕೂತು ಎರಡು ಸುತ್ತು ಸುಮ್ನೆ ಆಡಿ ನೋಡಿ ಆಮೇಲೆ ಹೇಳ್ಕೊಡ್ಬೇಕು. ಹೇಳ್ಕೊಡೋವಾಗ ಗೆಲ್ಲೋದು ಹೆಂಗೆ ಅನ್ನೋದನ್ನ ಮೊದ್ಲು ಹೇಳಿ, ಆಮೇಲೆ ಟರ್ನಲ್ಲಿ ಏನು ಮಾಡ್ಬಹುದು ಅಂತ, ವಿನಾಯಿತಿಗಳೆಲ್ಲ ಆಡ್ತಾ ಬಂದಾಗ ಹೇಳಿದ್ರೆ ಸಾಕು. ವಿಂಗ್‌ಸ್ಪ್ಯಾನಲ್ಲಿ ಮೊದಲ ಕೆಲವು ಟರ್ನ್ ಏನು ಮಾಡ್ಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳೋ ಶೀಟ್‌ಗಳನ್ನ ಹೊಸಬರಿಗೆ ಅಂತಾನೇ ಇಟ್ಟಿದ್ದಾರೆ, ಅದು ತುಂಬಾ ಉಪಕಾರ ಆಯ್ತು, ಎಲ್ಲಾ ಗೇಮಿಗೂ ಹಂಗೆ ಕೊಡ್ಬೇಕು. ಮೊದಲ ಆಟದಲ್ಲಿ ಕಾರ್ಡ್ ಎಲ್ರಿಗೂ ಕಾಣೋ ಹಂಗೆ ಇಟ್ಕೊಂಡು ಆಡಿದ್ರೂ ಏನೂ ಹಾಳಾಗಲ್ಲ, ಪ್ರಶ್ನೆ ಕೇಳೋಕೆ ಸಂಕೋಚ ಇರಲ್ಲ. ಎಕ್ಸ್‌ಪಾನ್ಷನ್‌ಗಳು, ಅಂದ್ರೆ ಮೂಲ ಆಟಕ್ಕೆ ಸೇರಿಸ್ಕೊಳ್ಳೋ ಹೆಚ್ಚುವರಿ ಡಬ್ಬಿಗಳು, ಎಲ್ಲದಕ್ಕೂ ಸಿಗ್ತವೆ, ಮೂಲ ಆಟ ಚೆನ್ನಾಗಿ ಕೈಗೆ ಬರೋವರೆಗೂ ಅದ್ರ ಕಡೆ ನೋಡ್ಬೇಡಿ. ಜಾಗದ ವಿಷಯನೂ ಸಣ್ಣದಲ್ಲ, ಅಜೂಲ್ ಸ್ಪ್ಲೆಂಡರ್ ಪುಟ್ಟ ಮೇಜಿಗೆ ಸಾಕು, ವಿಂಗ್‌ಸ್ಪ್ಯಾನ್ ನಾಲ್ಕು ಜನಕ್ಕೆ ಹರಡಿದ್ರೆ ದೊಡ್ಡ ಮೇಜೇ ಬೇಕು, ಇಲ್ಲಾಂದ್ರೆ ನೆಲದ ಮೇಲೆ ಕೂತ್ಕೊಳ್ಳಿ.

ಯಾವ್ದು ತಗೋಬೇಕು ಅಂದ್ರೆ ನಾನು ಕೇಳೋದು ಮನೇಲಿ ದಿನಾ ಎಷ್ಟು ಜನ ಕೂರ್ತೀರಿ ಅಂತ. ಇಬ್ರೇ ಆದ್ರೆ ಕಣ್ಣು ಮುಚ್ಕೊಂಡು ಅಜೂಲ್, ಆಮೇಲೆ ವಿಂಗ್‌ಸ್ಪ್ಯಾನ್. ನಾಲ್ಕು ಜನ ಇದ್ದು ಮಾತು ಜಾಸ್ತಿ ಇರೋ ಮನೆ ಆದ್ರೆ ಕಟಾನ್. ವಯಸ್ಸಾದೋರು, ಮಕ್ಕಳು, ಆಟಾನೇ ಆಡದೋರು ಎಲ್ರೂ ಕೂರ್ಬೇಕು ಅಂದ್ರೆ ಟಿಕೆಟ್ ಟು ರೈಡ್. ಸೋಲು ಗೆಲುವಿಗೆ ಮನಸ್ತಾಪ ಆಗೋ ಮನೆಗೆ ಪ್ಯಾಂಡೆಮಿಕ್, ಆದ್ರೆ ಸಲಹೆ ಕೇಳಿದ್ಮೇಲೆ ಮಾತ್ರ ಅನ್ನೋ ಆ ಕಟ್ಟಳೆ ಮೊದಲ ಕಾರ್ಡ್ ಹಂಚೋ ಮುಂಚೆನೇ ಮಾಡ್ಕೊಳ್ಳಿ. ನಾವು ಮುಂದೆ ಇದನ್ನೇ ಐದು ಎಪಿಡೆಮಿಕ್ ಕಾರ್ಡ್ ಹಾಕಿ ಆಡೋದು ಅಂತ ಇದ್ದೀವಿ, ಮಗಳು ಈ ಸಲ ಮೆಡಿಕ್ ಪಾತ್ರ ತನಗೇ ಬೇಕು ಅಂತಿದ್ದಾಳೆ, ರೂಲ್ ಪ್ರಕಾರ ಅದು ಚೀಟಿ ಎತ್ತಿದಂಗೆ ಬರ್ಬೇಕು ಅಂತ ನನ್ನ ತಮ್ಮನ ವಾದ.